ಮಾಸು ಮುಂದಿದ್ದವಳ ಗೂಡುದೀಪ

ಯೆನ್‌ಚುವಿನ ಕೈಯ ಮೀನುಂಡೆ ತಿಂದ ಮೇಲೆ ನಮ್ಮ ಕೇರಿಯಲ್ಲಿ ಯಾರಿಗೂ ಬೇರೆಯವರದು ಹಿಡಿಸುತ್ತಿರಲಿಲ್ಲ. ಮೀನಿನ ಮಾಂಸ ಕೆರೆದು, ಉಪ್ಪುನೀರು ಚಿಮುಕಿಸಿ, ಮರದ ಬಾನಿಗೆ ಹಾಕಿ ಅಂಗೈಯಲ್ಲಿ ಬಡಿಯಬೇಕು. ತೋಳು ಸೋತು ಬೀಳುವವರೆಗೆ ಬಡಿದರೆ ಉಂಡೆ ಹಲ್ಲಿಗೆ ಪುಟಿಯುತ್ತದೆ. ದ್ವೀಪದ ಬೆಸ್ತರ ಮಗಳು ಅವಳು. ನೋಡಲು ಕಡ್ಡಿಯಂತಿದ್ದಳು, ಮಾತು ಕಡಿಮೆ, ಆದರೆ ತೋಳು ಮಾತ್ರ ಗಂಡಸಿನದು. ತ್ಸಾಯ್ ಮುದುಕಿಯ ಹಿರಿಸೊಸೆಯಾಗಿ ಬಂದವಳೇ ಬಾನಿಯ ಮುಂದೆ ಕೂತಳು. ಅಲ್ಲಿಂದ ಮುದುಕಿಯ ಅಂಗಡಿಗೆ ಜನ ಸಾಲು ನಿಂತರು, ಮುದುಕಿಯ ಮೂಗು ಮೇಲಕ್ಕೇರಿತು.

ನಾನು ಎದುರಿನ ಅಂಗಡಿಯವಳು. ಬಿದಿರು, ಕಾಗದ, ಗೋಂದು ನನ್ನ ಬದುಕು. ಮನೆಯಲ್ಲಿ ಗಂಡು ಹುಟ್ಟಿದರೆ ಹೊಸ ವರ್ಷದ ಮೊದಲ ತಿಂಗಳಲ್ಲಿ ಹಿರಿಯರ ಗುಡಿಯಲ್ಲಿ ಆ ಮಗುವಿನ ಹೆಸರಿನ ಗೂಡುದೀಪ ತೂಗಬೇಕು. ಹೆಣ್ಣು ಹುಟ್ಟಿದರೆ ಯಾರೂ ನನ್ನ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ. ಮೂವರು ಹೆಣ್ಣುಮಕ್ಕಳ ತಾಯಿ ನಾನು, ಊರಿನ ಗಂಡುಮಕ್ಕಳಿಗೆಲ್ಲ ದೀಪ ಕಟ್ಟಿಕೊಟ್ಟು ನನ್ನ ಮಕ್ಕಳನ್ನು ಸಾಕಿದೆ. ಆ ಹೊಟ್ಟೆಯುರಿ ನನಗೆ ಇಂದಿಗೂ ಇದೆ.

ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಹೇಳಬಾರದೆಂದು ಡಾಕ್ಟರರಿಗೆ ಕಟ್ಟಪ್ಪಣೆ. ಅದಕ್ಕೇ ನಮ್ಮ ಕಡೆ ಸ್ಕ್ಯಾನಿಂಗ್ ಮುಗಿದ ಕೂಡಲೇ ಹೆಂಗಸರು ಕೇಳುವುದು ಒಂದೇ: ಮಾಸು ಎಲ್ಲಿದೆ? ಹೊಕ್ಕುಳಬಳ್ಳಿಯ ಬುಡದ ಆ ಮಾಸು ಗರ್ಭದ ಮುಂದಿನ ಗೋಡೆಗಿದ್ದರೆ ಹೆಣ್ಣು, ಹಿಂದಿನ ಗೋಡೆಗಿದ್ದರೆ ಗಂಡು. ಯಾವ ಪುಣ್ಯಾತ್ಮ ಇದನ್ನು ಹುಟ್ಟಿಸಿದನೋ. ಮಾಸಿಗೆ ಅಂಟಿಕೊಳ್ಳಲು ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಅಂಟಿಕೊಳ್ಳುತ್ತದೆ, ಅದಕ್ಕೂ ಗಂಡು ಹೆಣ್ಣಿಗೂ ಏನೂ ಸಂಬಂಧವಿಲ್ಲ ಎಂದು ಡಾಕ್ಟರರು ಬಾಯಿ ನೋಯುವಂತೆ ಹೇಳುತ್ತಾರೆ. ಕೇಳುವವರು ಯಾರು? ನಮ್ಮ ಕೇರಿಯಲ್ಲಿ ಈ ತೀರ್ಪು ಕೊಡುವ ನ್ಯಾಯಾಧೀಶೆ ತ್ಸಾಯ್ ಮುದುಕಿಯೇ.

ಆ ವರ್ಷ ಅವಳ ಸೊಸೆಯರಿಬ್ಬರೂ ಒಟ್ಟಿಗೆ ಬಸುರಿಯರಾದರು. ಯೆನ್‌ಚುವಿನ ಗಂಡ ಆಳಸಮುದ್ರದ ಹಡಗಿನಲ್ಲಿ ಅಡುಗೆಯವನು, ಹೋದರೆ ವರ್ಷಗಟ್ಟಲೆ ನಾಪತ್ತೆ. ಹಾಗಾಗಿ ಇಬ್ಬರನ್ನೂ ಸ್ಕ್ಯಾನಿಂಗ್‌ಗೆ ಕರೆದೊಯ್ದದ್ದು ಮುದುಕಿಯೇ. ಕಿರಿಸೊಸೆ ಮಿನ್‌ಹ್ವಾಳ ಮಾಸು ಹಿಂದೆ ಎಂದರು. ಅಂದಿನಿಂದ ಅವಳಿಗೆ ಕಪ್ಪುಕೋಳಿಯ ಸಾರು, ಕಾಲಕೆಳಗೆ ಮಣೆ.

ಯೆನ್‌ಚುವಿನ ಸರದಿಯಲ್ಲಿ ಡಾಕ್ಟರಮ್ಮ ಹೇಳಿದ್ದು ಬೇರೆ. ಯೆನ್‌ಚುವೇ ನನಗೆ ಹೇಳಿದ ಮಾತಿದು. "ಮಾಸು ಮುಂದಿನ ಗೋಡೆಗಿದೆ, ಅದರಿಂದೇನೂ ತೊಂದ್ರೆ ಇಲ್ಲ. ಆದ್ರೆ ತೀರಾ ಕೆಳಗಿಳಿದು ಗರ್ಭದ ಬಾಯಿಗೇ ಅಡ್ಡ ಕೂತಿದೆ. ದಿನ ತುಂಬ್ತಾ ಮೇಲೆ ಸರೀಬಹುದು, ಸರೀದೇನೂ ಇರಬಹುದು. ಭಾರ ಎತ್ತಬೇಡಿ, ಬಡಿಯೋ ಕೆಲಸ ಬೇಡ. ಮತ್ತೆ ಸ್ಕ್ಯಾನಿಂಗ್‌ಗೆ ಬನ್ನಿ. ಒಂದು ಹನಿ ರಕ್ತ ಕಂಡ್ರೂ ಓಡಿ ಬನ್ನಿ."

ಇಷ್ಟರಲ್ಲಿ ಮುದುಕಿಯ ಕಿವಿಗೆ ಹೋದದ್ದು 'ಮುಂದೆ' ಎಂಬ ಒಂದೇ ಮಾತು.

ಮಾರನೆಯ ಬೆಳಿಗ್ಗೆ ಯೆನ್‌ಚು ಬಾನಿಯ ಮುಂದೆ ಕೂರಲಿಲ್ಲ. ಮುದುಕಿಯ ದನಿ ನನ್ನ ಅಂಗಡಿಯವರೆಗೆ ಕೇಳಿಸಿತು.

"ಏನೇ, ಮಹಾರಾಣಿಗೆ ಇವತ್ತು ರಜಾನಾ?"

"ಬಡಿಯೋದು ಬೇಡ ಅಂದಿದಾರಲ್ಲ ಅತ್ತೆ."

"ಮುಂದಿರೋ ಮಾಸಿಗೆ ಇಷ್ಟೊಂದು ಮೆರವಣಿಗೆಯೇನೇ? ನಾನು ಹೆರೋ ದಿನಾನೂ ಬಡಿದಿದೀನಿ. ಕೂತ್ಕೋ, ಜನ ಕಾಯ್ತಿದಾರೆ."

ಅವಳು ಕೂತಳು. ಎರಡನೆಯ ಸ್ಕ್ಯಾನಿಂಗ್‌ಗೆ ಮುದುಕಿ ಬಿಡುವು ಕೊಡಲಿಲ್ಲ. ಗಂಡನಿಗೆ ಫೋನ್ ಮಾಡಿದರೆ ಆತ, "ಅಮ್ಮ ಹೇಳ್ದಂಗೆ ಇದ್ದುಬಿಡು," ಎಂದ. ಅವಳನ್ನು ಬಡಿಯಲು ಕೂರಿಸಬೇಡವೆಂದು ನಾನೇ ಬಾನಿಯ ಮುಂದೆ ಹೋಗಿ ಜಗಳ ಆಡಿದೆ. "ಮೂರು ಹೆಣ್ಣು ಹೆತ್ತೋಳು ನನಗೆ ಬುದ್ಧಿ ಹೇಳ್ತಿಯೇನೇ?" ಎಂದು ಮುದುಕಿ ನನ್ನ ಬಾಯಿ ಮುಚ್ಚಿಸಿದಳು.

ಚಳಿ ಶುರುವಾದ ಮೇಲೆ ಒಂದು ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಯೆನ್‌ಚು ಬಾನಿಯ ಮುಂದಿನಿಂದ ಎದ್ದಳು. ಕೂತಿದ್ದ ಮಣೆಯೆಲ್ಲ ರಕ್ತ. ನೋವೆಂಬುದೇ ಇರಲಿಲ್ಲವಂತೆ, ನಲ್ಲಿ ಬಿಟ್ಟಂತೆ ಸುಮ್ಮನೆ ಹರಿಯುತ್ತಿತ್ತು. ದೀಪ ಸಾಗಿಸುವ ನನ್ನ ಮೂರುಗಾಲಿ ಗಾಡಿಯಲ್ಲೇ ಅವಳನ್ನು ಹಾಕಿಕೊಂಡು ಆಸ್ಪತ್ರೆಗೆ ಹಾರಿದೆ. ಹೊಟ್ಟೆ ಕೊಯ್ದು ಮಗುವನ್ನು ತೆಗೆದರು. ದಿನ ತುಂಬದ, ಅಂಗೈಯಗಲದ ಹೆಣ್ಣು, ಬದುಕಿತು. ರಕ್ತ ನಿಲ್ಲಿಸಲು ಅಂದು ಇನ್ನೇನು ತೆಗೆದರೆಂಬುದನ್ನು ಯಾರಿಗೂ ಹೇಳಬೇಡಿ ಎಂದು ಯೆನ್‌ಚು ನನ್ನ ಕೈ ಹಿಡಿದಳು. ನಾನು ಹೇಳಲಿಲ್ಲ.

ಗಂಡನ ಮನೆಯಿಂದ ಒಂದು ನರಪಿಳ್ಳೆಯೂ ಆಸ್ಪತ್ರೆಗೆ ಬರಲಿಲ್ಲ. ಮುದುಕಿ ಕೇರಿಯ ಬಾಯಿಯಲ್ಲಿರುವ ಚಹಾಮೇಜಿನ ಮುಂದೆ ಕೂತು ಸಾರಿದಳು: "ಮೆಟ್ಟಿಲ ಮೇಲೆ ಕುಣೀತಾ ಹೋಗಿ ಜಾರಿದಾಳೆ. ಡಾಕ್ಟರು ಏನೂ ಹೇಳಿರ್ಲಿಲ್ಲ. ಹೇಳಿದ್ರೆ ನಾನು ಬಿಡ್ತಿದ್ನಾ?"

ಕೇರಿ ನಂಬಿತು. ಬಾನಿಯ ಮುಂದಿನ ಮಾತನ್ನು ಎಲ್ಲರೂ ಅತ್ತೆ ಸೊಸೆಯ ಜಗಳವೆಂದೇ ಬಗೆದಿದ್ದರು, ಸ್ಕ್ಯಾನಿಂಗ್ ಕೋಣೆಯೊಳಗೆ ಇದ್ದವರು ಮೂವರೇ ತಾನೆ.

ಅತ್ತೆಯ ಮನೆಯ ಬಾಗಿಲು ತೆರೆಯಲಿಲ್ಲ, ಯೆನ್‌ಚು ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಬಾಣಂತನಕ್ಕೆ ಮಲಗಿದಳು. ದ್ವೀಪದಿಂದ ಬಂದ ಅವಳ ತಾಯಿ ಶುಂಠಿ ಹಾಕಿ ಕೋಳಿ ಬೇಯಿಸಿ ಕೊಡುತ್ತಿದ್ದಳು. ಬಾಣಂತಿಯ ಕೋಣೆಗೆ ಹೊರಗಿನವರು ಕಾಲಿಡುವಂತಿಲ್ಲ, ಹಾಗಾಗಿ ಮಗುವನ್ನು ಯಾರೂ ಕಂಡಿರಲಿಲ್ಲ. ಮುದುಕಿ ಹಬ್ಬಿಸಿದ ಮಾತು ನಾನೇ ಯೆನ್‌ಚುವಿಗೆ ಹೇಳಿದೆ. ಅವಳು ಅಳಲಿಲ್ಲ.

"ನನಗೆ ಬೇರೇನೂ ಬೇಡ ಅಕ್ಕ. ಡಾಕ್ಟರಮ್ಮ ಹೇಳಿದ್ದು ಕೇಳಿಸ್ತು ಅಂತ ಅವರ ಬಾಯಿಂದ್ಲೇ ಬರ್ಬೇಕು. ಕೇರಿಯೆಲ್ಲ ನಿಂತು ಕೇಳ್ಬೇಕು."

"ಆ ಬಾಯಿಂದ ಅದು ಬರೋದುಂಟಾ?"

"ಬರ್ಸ್ತೀನಿ."

ಅಷ್ಟರಲ್ಲಿ ಮಿನ್‌ಹ್ವಾ ಹೆತ್ತಳು. ಹಿಂದಿನ ಗೋಡೆಯ ಮಾಸು, ಕಪ್ಪುಕೋಳಿಯ ಸಾರು, ಕೊನೆಗೆ ಹುಟ್ಟಿದ್ದು ಹೆಣ್ಣು. ಮುದುಕಿ ಚಹಾಮೇಜಿನ ಕಡೆಗೆ ತಲೆ ಹಾಕಲಿಲ್ಲ. ನಾನು ನಕ್ಕೆ, ಮನಸಾರೆ ನಕ್ಕೆ, ಅದರಲ್ಲಿ ಮುಚ್ಚುಮರೆ ಏನು?

ಹೊಸ ವರ್ಷದ ಮೊದಲ ತಿಂಗಳು ಬಂತು. ಯೆನ್‌ಚು ಕೋಣೆಯಿಂದ ಹೊರಗೆ ಬಂದು, "ಅಕ್ಕ, ನನಗೊಂದು ಗೂಡುದೀಪ. ಈ ಸಲ ನೀವು ಕಟ್ಟೋದ್ರಲ್ಲೆಲ್ಲ ದೊಡ್ಡದು," ಎಂದಳು. ನಾನು ಕಣ್ಣು ಕಣ್ಣು ಬಿಟ್ಟೆ. "ಯಾರ ದೀಪ ಅಂತ ಕೇಳಿದ್ರೆ ಯೆನ್‌ಚುವಿನ ಮಗೂದು ಅನ್ನಿ. ಅದಕ್ಕಿಂತ ಒಂದು ಅಕ್ಷರ ಜಾಸ್ತಿ ಬೇಡ."

ಆಗ ಅರ್ಥವಾಯಿತು. ಎದೆಯೊಳಗೆ ಎಂಥದೋ ಸಂತೋಷ ಎದ್ದಿತು. ನನ್ನ ಬದುಕಿನಲ್ಲಿ ಹೆಣ್ಣಿಗೆಂದು ಕಟ್ಟಿದ ಮೊದಲ ದೀಪ ಅದು. ಕೆಂಪು ಕಾಗದ ಅಂಟಿಸಿ, ಚಿನ್ನದ ಬಣ್ಣದ ಕುಚ್ಚು ಬಿಟ್ಟು, ಒಣಗಲೆಂದು ಬೀದಿಯ ಕಡೆಗೇ ತೂಗುಹಾಕಿದೆ.

ಕೇಳಿದವರಿಗೆಲ್ಲ ಯೆನ್‌ಚುವಿನ ಮಗುವಿನದು ಎಂದೆ. ಸಂಜೆಯೊಳಗೆ ಕೇರಿಯೇ ಗುಸುಗುಟ್ಟಿತು. ಗಂಡು, ಅನ್ಯಾಯವಾಗಿ ಗಂಡುಮಗುವಿನ ತಾಯಿಯನ್ನು ಹೊರಗೆ ಹಾಕಿದಳು ಮುದುಕಿ. ಅವರಿಗೆ ಹಾಗೆಂದು ಯಾರೂ ಹೇಳಲಿಲ್ಲ. ಮಾಸು ನೋಡಿ ಹೆಣ್ಣೆಂದವರು ದೀಪ ನೋಡಿ ಗಂಡೆಂದರು.

ಮರುದಿನವೇ ಮುದುಕಿ ಬಂದಳು. ಒಂದು ಕೈಯಲ್ಲಿ ಜೀವಂತ ಹುಂಜ, ಇನ್ನೊಂದರಲ್ಲಿ ಕೆಂಪು ಬಟ್ಟೆಯ ಗಂಟು. ಹಿಂದೆ ಅರ್ಧ ಕೇರಿ.

"ಮಗಳೇ," ಎಂದಳು. ಹಿಂದೆಂದೂ ಅವಳ ಬಾಯಲ್ಲಿ ಆ ಮಾತು ಕೇಳಿರಲಿಲ್ಲ. "ಮಗೂನ ಕರ್ಕೊಂಡು ಮನೆಗೆ ಬಾ. ದೀಪ ನಮ್ಮ ಗುಡೀಲಿ ತೂಗ್ಬೇಕಲ್ವಾ?"

ಯೆನ್‌ಚು ನನ್ನ ಚಹಾತಟ್ಟೆಯನ್ನು ಎಳೆದು ಮುದುಕಿಯ ಮುಂದಿಟ್ಟಳು. ಅಲ್ಲಿದ್ದವರಿಗೆಲ್ಲ ಗೊತ್ತು, ತಪ್ಪು ಮಾಡಿದವರು ಚಹಾ ಬಗ್ಗಿಸಿ ಎರಡೂ ಕೈಯಲ್ಲಿ ಕೊಡಬೇಕು. ಅತ್ತೆ ಸೊಸೆಗೆ ಕೊಟ್ಟದ್ದನ್ನು ಮಾತ್ರ ಯಾರೂ ಕಂಡಿರಲಿಲ್ಲ.

"ಅವತ್ತು ಡಾಕ್ಟರಮ್ಮ ಏನು ಹೇಳಿದ್ರು ಅತ್ತೆ? ಎಲ್ಲರಿಗೂ ಕೇಳೋ ಹಂಗೆ ಹೇಳಿ, ಚಹಾ ಕೊಡಿ."

ಮುದುಕಿ ಅತ್ತಿತ್ತ ನೋಡಿದಳು, ಗಂಟು ಕೆಳಗಿಟ್ಟು ಹುಂಜವನ್ನು ಕಂಕುಳಿಗೆ ಸೇರಿಸಿದಳು. ತಲೆಯ ಮೇಲೆ ದೀಪ ತೂಗುತ್ತಿತ್ತು. ಆಸೆ ಅವಳ ಕುತ್ತಿಗೆ ಹಿಡಿದು ಬಗ್ಗಿಸಿತು.

"ಮಾಸು ಕೆಳಗಿದೆ ಅಂದ್ರು."

"ಆಮೇಲೆ?"

"ಬಾಯಿಗೆ ಅಡ್ಡ ಇದೆ, ಬಡಿಯೋ ಕೆಲಸ ಬೇಡ ಅಂದ್ರು."

"ನಿಮಗೆ ಕೇಳಿಸ್ತಾ?"

"ಕೇಳಿಸ್ತು ಕಣಮ್ಮ." ಬಟ್ಟಲಿಗೆ ಚಹಾ ಬಗ್ಗಿಸಿ ಮುಂದಕ್ಕೆ ಸರಿಸಿದಳು. "ಮುಂದಿದೆ, ಹೆಣ್ಣು ತಾನೆ, ಹೋದ್ರೆ ಹೋಗ್ಲಿ ಅಂದ್ಕೊಂಡೆ. ಇವನು ಹುಟ್ತಾನೆ ಅಂತ ನಂಗೇನು ಗೊತ್ತಿತ್ತು?"

ಗುಂಪಿನಲ್ಲಿ ಯಾರೋ ಹೆಂಗಸು ಥೂ ಎಂದು ಉಗಿದಳು.

ಯೆನ್‌ಚು ಒಳಗೆ ಹೋಗಿ ಮಗುವನ್ನು ತಂದಳು, ಎಲ್ಲರ ಮುಂದೆ ಹೊದಿಕೆ ಬಿಡಿಸಿದಳು. ಹೆಣ್ಣು. ಮುದುಕಿಯ ಕಂಕುಳಲ್ಲಿ ಹುಂಜ ಒದ್ದಾಡುತ್ತಿತ್ತು.

"ಸುಳ್ಳಿ, ಗಂಡು ಅಂತ ಮೋಸ ಮಾಡಿದೆಯಲ್ಲೇ."

"ಯಾರು ಅಂದ್ರು ಅತ್ತೆ? ನಾನು ದೀಪ ಮಾಡಿಸ್ದೆ, ಅಷ್ಟೆ."

ಮುದುಕಿ ಗಟ್ಟಿಗಿತ್ತಿ, ಅಷ್ಟು ಜನರೆದುರೂ ಸಾವರಿಸಿಕೊಂಡಳು. "ಹೋಗ್ಲಿ ಬಿಡು. ನಿಂಗಿನ್ನೂ ವಯಸ್ಸಿದೆ. ನನ್ನ ಮಗ ಊರಿಗೆ ಬರ್ಲಿ, ಮುಂದಿನ್ದು ಗಂಡಾಗುತ್ತೆ."

ಯೆನ್‌ಚು ಅದಕ್ಕೇ ಕಾದಿದ್ದಳು. ಮಗುವಿಗೆ ಮೆಲ್ಲಗೆ ಹೊದಿಕೆ ಹೊದಿಸಿದ ಮೇಲೆಯೇ ತಲೆ ಎತ್ತಿದಳು.

"ಮುಂದಿನ್ದು ಇಲ್ಲ ಅತ್ತೆ. ರಕ್ತ ನಿಲ್ಲದೆ ಗರ್ಭಕೋಶಾನೇ ತೆಗೆದ್ರು ಅವತ್ತು. ನಿಮ್ಮ ದೊಡ್ಡಮಗನ ಹೆಸರು ಹೇಳೋಕೆ ಇವಳೊಬ್ಬಳೇ. ಇವಳೂ ನಿಮ್ಮ ಮನೆಗೆ ಬರೋದಿಲ್ಲ."

ಮುದುಕಿಯ ಕೈ ಸಡಿಲವಾಗಿ ಹುಂಜ ಜಿಗಿದು ಬೀದಿಗೆ ಓಡಿತು. ಹಿಡಿಯಲು ಯಾರೂ ಹೋಗಲಿಲ್ಲ.

ಚಹಾ ಆರುತ್ತಿತ್ತು. ಯೆನ್‌ಚು ಅದನ್ನು ಮುಟ್ಟಲಿಲ್ಲ.

"ಅಕ್ಕ, ದೀಪ ಹಚ್ಚಿ," ಎಂದಳು ನನಗೆ. ನಡುಮಧ್ಯಾಹ್ನದ ಬಿಸಿಲಿತ್ತು. ಆದರೂ ಹಚ್ಚಿದೆ.