ಮೊಳೆಯಲ್ಲಿ ಬರೆದ ಬಾಗಿಲು

ನಮ್ಮ ದೊಡ್ಡಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ. ಹಾಗೆಂದು ಬರೆಯಲೇ ಬರುವುದಿಲ್ಲ ಅಂದವರಿಗೆ ಸರಿಯಾಗಿ ಮಂಗಳಾರತಿ ಆಗುತ್ತಿತ್ತು. ಆಕೆ ನಮ್ಮ ಬೀದಿಯ ಸೂಲಗಿತ್ತಿ. ಹೆರಿಗೆ ಮಾಡಿಸಿ ಬಂದವಳೇ ಕೈ ತೊಳೆದು, ಮೊಳೆ ಹಿಡಿದು, ಪಾತ್ರೆ ಕಪಾಟಿನ ಬಾಗಿಲ ಮೇಲೆ ಗೀರುತ್ತಿದ್ದಳು. ದರ್ಜಿ ಮನೆಗೆ ಕತ್ತರಿ, ಕಮ್ಮಾರನ ಮನೆಗೆ ಸುತ್ತಿಗೆ. ಅದರ ಕೆಳಗೆ ಕೂಸಿಗೊಂದು ಗೊಂಬೆ. ಹೆಣ್ಣಾದರೆ ಜಡೆ. ನೆರೆ ಬಂದ ವರ್ಷ ಹುಟ್ಟಿದವರ ಕಾಲಡಿ ಅಲೆ. ಎಲ್ಲ ಗೊಂಬೆಗಳೂ ನಿಂತಿರುತ್ತಿದ್ದವು, ಉಳಿಯದ ಕೂಸುಗಳವು ಮಾತ್ರ ಕೂತಿರುತ್ತಿದ್ದವು.

"ಹೋದೋರನ್ನ ಯಾಕೆ ಬರೀತೀಯ ದೊಡ್ಡಮ್ಮ?" ಎಂದು ಒಮ್ಮೆ ಕೇಳಿದ್ದೆ.

"ಬಂದೋರೆಲ್ಲ ಬಂದೋರೇ ಕಣೇ. ಬೇಗ ಹೋದ್ರು ಅಂತ ಬಂದೇ ಇಲ್ಲ ಅನ್ನೋಕಾಗುತ್ತಾ?"

ನಾನು ದೊಡ್ಡವಳೋ ನೀನೋ ಎಂದು ಬೀದಿಯಲ್ಲಿ ಯಾರು ಜಗಳವಾಡಿದರೂ ಆ ಬಾಗಿಲೇ ಕೋರ್ಟು. ಬೇಕರಿಯವನ ಹೆಂಡತಿ, ನಮಗೆಲ್ಲ ಬೇಕರಿ ಅತ್ತೆ, ಜಗಳಕ್ಕೆಂದು ಬಂದವಳಲ್ಲ. ವರ್ಷಕ್ಕೊಮ್ಮೆ ಬಂದು, ಬ್ರೆಡ್ಡಿನ ಚಿತ್ರದ ಕೆಳಗೆ ಕೂತಿದ್ದ ಜಡೆಯ ಗೊಂಬೆಯ ಮೇಲೆ ಬೆರಳಾಡಿಸಿ, ಒಂದು ಲೋಟ ನೀರು ಕುಡಿದು ಹೋಗುತ್ತಿದ್ದಳು. ಆ ಕೂಸಿಗೆ ಹೆಸರಿಟ್ಟಿರಲಿಲ್ಲ, ಫೋಟೋ ತೆಗೆದಿರಲಿಲ್ಲ. ಅದು ಹುಟ್ಟಿತ್ತು ಅನ್ನುವುದಕ್ಕೆ ಉಳಿದಿದ್ದ ಗುರುತು ಅದೊಂದೇ.

ನಾನು ನಾಲ್ಕಕ್ಷರ ಕಲಿತೆ, ಕೋಡು ಬಂತು. ದೊಡ್ಡಮ್ಮ ಪಕ್ಕದೂರಿನ ಹೆರಿಗೆಗೆ ಹೋಗಿದ್ದಾಗ ಬಾಗಿಲಲ್ಲಿದ್ದವರ ಹೆಸರುಗಳನ್ನೆಲ್ಲ ನೋಟ್‌ಬುಕ್ಕಿಗೆ ಇಳಿಸಿದೆ. ಹೆಸರೇ ಇಲ್ಲದವರನ್ನು ಏನೆಂದು ಬರೆಯುವುದೋ ತಿಳಿಯದೆ ಬಿಟ್ಟೆ. ಇನ್ನು ಈ ಗೀಚು ಯಾಕೆಂದು ಬಾಗಿಲಿಗೆ ಹಸಿರು ಬಣ್ಣ ಹೊಡೆದೆ.

ಮರುವಾರ ಅತ್ತೆ ಬಂದಳು. ಬಾಗಿಲು ನೋಡಿ ನಿಂತಲ್ಲೇ ನಿಂತಳು.

"ಬುಕ್ಕಲ್ಲಿದೆ ಅತ್ತೆ, ಎಲ್ಲಾ ಇದೆ," ಎಂದು ಪುಟ ತಿರುವಿದೆ. ಬೇಕರಿ ಮನೆಯ ಮೂವರು ಗಂಡುಮಕ್ಕಳಿದ್ದರು. ಜಡೆಯವಳಿರಲಿಲ್ಲ. ಮೂಲೆಯಲ್ಲಿ ಕೂತಿದ್ದ ದೊಡ್ಡಮ್ಮ ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಅತ್ತೆ ಕಣ್ಣು ಮುಚ್ಚಿಕೊಂಡಳು. ಬಣ್ಣದ ಮೇಲೆ ಬೆರಳಿಟ್ಟು ಮೆಲ್ಲಗೆ ಸರಿಸುತ್ತ ಹೋದಳು. ಒಂದು ಕಡೆ ಬೆರಳು ನಿಂತಿತು.

"ಇಲ್ಲೇ ಕೂತಿದಾಳೆ," ಎಂದಳು.

ಬಣ್ಣ ಮೇಲಿತ್ತು, ಮೊಳೆಯ ಗೀರು ಒಳಗಿತ್ತು. ನನಗೆ ಅಳು ತಡೆಯಲಾಗಲಿಲ್ಲ. ದೊಡ್ಡಮ್ಮ ಎದ್ದು ಅತ್ತೆಗೆ ನೀರು ಕೊಟ್ಟಳು, ಗೀರಿನ ಗುಂಟ ಬಣ್ಣ ಕೆರೆಯಲೆಂದು ನನ್ನ ಕೈಗೆ ಮೊಳೆ ಕೊಟ್ಟಳು.

ಈಗ ಅವರಿಬ್ಬರೂ ಇಲ್ಲ. ಆ ಬಾಗಿಲು ನನ್ನ ಅಡುಗೆಮನೆಯಲ್ಲಿದೆ. ವರ್ಷಕ್ಕೊಮ್ಮೆ ನಾನೇ ಕಣ್ಣು ಮುಚ್ಚಿ ಆ ಜಡೆಯವಳನ್ನು ಹುಡುಕಿ, ಒಂದು ಲೋಟ ನೀರು ಕುಡಿಯುತ್ತೇನೆ.