ನಕ್ಷೆಯಿಂದ ಉದುರಿದ ಕಾಂಡ್ಲಾ ಸಾಲು

ಎಂಬತ್ತರ ದಶಕದ ನಡುವಿನ ವರ್ಷಗಳು. ಬೆಂಗಳೂರಿನ ಮಹದೇವಪುರದ ಒಂದು ಖಾಸಗಿ ಸರ್ವೆ ಕಂಪನಿಯಲ್ಲಿ ನಾನು ಫೋಟೊ ಇಂಟರ್‌ಪ್ರಿಟರ್ ಆಗಿದ್ದೆ. ವಿಮಾನದಿಂದ ತೆಗೆದ ಚಿತ್ರಗಳನ್ನು ನೋಡಿ ನೆಲದ ಮೇಲೆ ಏನಿದೆ ಎಂದು ಗುರುತಿಸುವುದು ನನ್ನ ಕೆಲಸ. ಒಂದೇ ಜಾಗದ ಎರಡು ಚಿತ್ರಗಳನ್ನು ಸ್ಟೀರಿಯೊಸ್ಕೋಪಿನ ಕೆಳಗೆ ಜೋಡಿಸಿದರೆ ಮರ, ದಿಬ್ಬ, ಕಟ್ಟೆಗಳೆಲ್ಲ ಎದ್ದು ನಿಂತಂತೆ ಕಾಣುತ್ತವೆ. ದಿನವಿಡೀ ಅದನ್ನೇ ನೋಡಿ ಸಂಜೆಗೆ ಕಣ್ಣು ಎಷ್ಟು ಸೋತಿರುತ್ತಿತ್ತೆಂದರೆ, ಬಸ್ಸಿನ ಬೋರ್ಡು ಓದಲು ಪಕ್ಕದವರನ್ನು ಕೇಳುತ್ತಿದ್ದೆ.

ಆ ವರ್ಷ ಉತ್ತರ ಕನ್ನಡದ ಒಂದು ಅಳಿವೆಯ ಕೆಲಸ ಬಂತು. ಸಿಗಡಿ ಸಾಕಣೆಗೆ ಎಲ್ಲೆಲ್ಲಿ ಕೆರೆ ತೋಡಬಹುದು ಎಂದು ತೋರಿಸುವ ನಕ್ಷೆ ಬೇಕಾಗಿತ್ತು. ಎಪ್ಪತ್ತರ ದಶಕದ ಚಿತ್ರಗಳೂ ಹೊಸ ಚಿತ್ರಗಳೂ ನನ್ನ ಮೇಜಿಗೆ ಬಂದವು. ಹಳೆಯದರಲ್ಲಿ ಹೊಳೆಯ ಎರಡೂ ದಡಕ್ಕೆ ಕಪ್ಪಗೆ ಒರಟಾಗಿ ಕಾಣುತ್ತಿದ್ದದ್ದು ಕಾಂಡ್ಲಾ ಕಾಡು, ಉಪ್ಪುನೀರಿನಲ್ಲಿ ಬೇರೂರಿ ನಿಲ್ಲುವ ಮ್ಯಾಂಗ್ರೋವ್. ಹೊಸದರಲ್ಲಿ ಅದು ಅಲ್ಲಲ್ಲಿ ಮಾತ್ರ ಉಳಿದಿತ್ತು. ಒಂದಿಷ್ಟು ಜಾಗವನ್ನು ಗದ್ದೆ ತಿಂದಿತ್ತು, ಇನ್ನೊಂದಿಷ್ಟನ್ನು ಸ್ಕೇಲಿಟ್ಟು ಗೆರೆ ಎಳೆದಂಥ ಅಂಚಿನ ಸಿಗಡಿ ಕೆರೆಗಳು.

ಕೆಲಸ ಕೊಟ್ಟ ಸಂಸ್ಥೆಯವರು ವರ್ಗೀಕರಣವನ್ನೂ ತಾವೇ ಕಳಿಸಿದ್ದರು. ಅದರಲ್ಲಿ ಕಾಂಡ್ಲಾಕ್ಕೆ ಹೆಸರಿರಲಿಲ್ಲ. ಅಳಿದುಳಿದ ಕಾಡೆಲ್ಲ 'ಬಂಜರು ಜೌಗು' ಎಂದಾಗಬೇಕಿತ್ತು. ಬಂಜರು ಎಂದಾದರೆ ಅಗೆಯಲು ಯಾರ ಅಡ್ಡಿಯೂ ಇರುವುದಿಲ್ಲ.

ನಕ್ಷೆಗೆ ಮಸಿ ಹಾಕುತ್ತಿದ್ದವನು ಡ್ರಾಫ್ಟ್ಸ್‌ಮನ್ ಮುನಿರಾಜು. ಪಕ್ಕದ ದೊಡ್ಡನೆಕ್ಕುಂದಿಯ ಹಳೆಯ ಒಕ್ಕಲು ಮನೆಯವನು, ಮಾತು ಕಡಿಮೆ. ಆ ಪದ ನೋಡಿ ಪೆನ್ನು ಕೆಳಗಿಟ್ಟ. "ನಮ್ ದನ ಮೇಯ್ತಿದ್ ಜಾಗಾನೂ ಖರಾಬು ಅಂತಾನೇ ಬರ್ದಿದ್ರು ಮೇಡಂ. ಇವಾಗ ಅಲ್ಲಿ ಫ್ಯಾಕ್ಟ್ರಿ ಐತೆ. ನಮ್ಮಣ್ಣಂಗೆ ಅದ್ರಲ್ಲೇ ಕೆಲ್ಸ ಸಿಕ್ತು, ಇಲ್ಲ ಅನ್ನಲ್ಲ. ಆದ್ರೆ ಖರಾಬು ಅಂದಿದ್ ಮಾತ್ರ ಸುಳ್ಳು."

ಚಿತ್ರದಲ್ಲಿ ಕಂಡದ್ದು ನಿಜವೇ ಎಂದು ಸ್ಥಳದಲ್ಲಿ ನೋಡಿಬರುವ ರೂಢಿ ನಮ್ಮಲ್ಲಿತ್ತು. ಆ ನೆಪದಲ್ಲಿ ಅಳಿವೆಗೆ ಹೊರಟೆ.

ಅಲ್ಲಿ ಹೊಳೆನೀರು ಗದ್ದೆಗೆ ನುಗ್ಗದಂತೆ ಹಾಕಿದ ಮಣ್ಣಿನ ಕಟ್ಟೆಯ ಮೇಲೆ ನನ್ನನ್ನು ಕರೆದುಕೊಂಡು ಹೋದವಳು ನಾಗಿ ಎಂಬ ಗೇಣಿ ಒಕ್ಕಲಿನ ಹೆಂಗಸು. ಉಬ್ಬರದ ನೀರು ಮುಟ್ಟುವ ತಗ್ಗು ಗದ್ದೆಗೆ ಅಲ್ಲಿ ಗಜನಿ ಎನ್ನುತ್ತಾರೆ. ಮಳೆಗಾಲದಲ್ಲಿ ಅವಳು ಉಪ್ಪು ತಡೆಯುವ ಕಗ್ಗ ಭತ್ತ ಬೆಳೆಯುತ್ತಿದ್ದಳು, ಕೊಯ್ಲಾದ ಮೇಲೆ ಕಟ್ಟೆಯ ತೂಬಿನ ಹಲಗೆ ಎತ್ತಿ ಹೊಳೆಯ ನೀರು ಬಿಟ್ಟು ಸಿಗಡಿ ಹಿಡಿಯುತ್ತಿದ್ದಳು. ಹಾಗಾಗಿ ಸಿಗಡಿಯ ಮೇಲೆ ಅವಳಿಗೆ ಸಿಟ್ಟೇನಿರಲಿಲ್ಲ. ಪಕ್ಕದ ಗಜನಿಯನ್ನು ಅವಳ ಮೈದುನನೇ ಕೆರೆ ಮಾಡುವವರಿಗೆ ಬಿಟ್ಟುಕೊಡಲು ಒಪ್ಪಿದ್ದ. ಕಾಂಡ್ಲಾ ಕಡಿದವರು ಸಿಗಡಿಯವರೇ ತಾನೇ ಎಂದು ಕೇಳಿದೆ. ಅವಳು ನಕ್ಕಳು.

"ನಮ್ಮ ಅಜ್ಜನೂ ಕಾಂಡ್ಲಾ ಕಡ್ದೇ ಗದ್ದೆ ಮಾಡ್ದದ್ದು. ಆದ್ರೆ ಹೊಳೆ ಬದಿಗೆ ಒಂದು ಸಾಲು ಬಿಟ್ಟಿದ್ದ. ಅದು ಹೋದ್ರೆ ಈ ಕಟ್ಟೆ ನಿಲ್ಲೂದಿಲ್ಲ, ಕಟ್ಟೆ ಹೋದ್ರೆ ನಾನು ಇಲ್ಲಿರೂದಿಲ್ಲ."

ಅಲ್ಲಿಯವರೆಗೆ ನನ್ನ ತಲೆಯಲ್ಲಿ ಕಾಡು ಒಂದು ಪಕ್ಷ, ಮನುಷ್ಯರು ಇನ್ನೊಂದು ಪಕ್ಷವಾಗಿದ್ದರು. ಆ ಸಾಲು ಎರಡೂ ಪಕ್ಷಕ್ಕೆ ಸೇರಿತ್ತು. ಅಳತೆ ಹಿಡಿದೆ: ಅಗಲ ಹೆಚ್ಚೆಂದರೆ ಇಪ್ಪತ್ತು ಮೀಟರ್.

ಬೆಂಗಳೂರಿಗೆ ಬಂದು, ಆ ಸಾಲಿಗೆ ಬೇರೆ ವರ್ಗ ಕೊಡದಿದ್ದರೆ ನಕ್ಷೆಗೆ ಸಹಿ ಹಾಕುವುದಿಲ್ಲ ಎಂದು ನಮ್ಮ ಮುಖ್ಯಸ್ಥ ಮೂರ್ತಿಯವರಿಗೆ ಹೇಳಿದೆ. ಅವರಿಗೆ ಬೇಸರವಾಯಿತು. ಈ ಕೆಲಸ ಕೈತಪ್ಪಿದರೆ ಎಷ್ಟು ಜನ ಮನೆಗೆ ಹೋಗಬೇಕಾಗುತ್ತದೆ ಗೊತ್ತೇ ಎಂದರು. ಗೊತ್ತಿತ್ತು, ಮುನಿರಾಜು ಅವರಲ್ಲೊಬ್ಬ. ಅವನೇ ಬಂದು, "ಸಾರ್, ಆ ಪದ ನಾನೂ ಬರ್ಯಲ್ಲ" ಎಂದ. ಕೊನೆಗೆ ಮೂರ್ತಿಯವರು ಕೆಲಸ ಕೊಟ್ಟ ಸಂಸ್ಥೆಯ ಅಧಿಕಾರಿಯನ್ನು ಮಾತಿಗೆ ಕರೆಸಿದರು.

ಜಗಳಕ್ಕೆ ಸಿದ್ಧಳಾಗಿ ಕೂತಿದ್ದೆ. ಆ ಅಧಿಕಾರಿ ಸೌಮ್ಯ ಮನುಷ್ಯ. ಚಿತ್ರಗಳನ್ನು ತಾವೇ ಸ್ಟೀರಿಯೊಸ್ಕೋಪಿನಲ್ಲಿ ನೋಡಿ, ಸರಿ, ಕಾಂಡ್ಲಾ ಎಂದೇ ಬರೆಯಿರಿ ಎಂದರು. ಮುನಿರಾಜು ಆ ಸಾಲನ್ನು ಹಸಿರಿನಲ್ಲಿ ಬರೆದ. ಅಷ್ಟು ಚೆಂದದ ಗೆರೆಯನ್ನು ಅವನು ಹಿಂದೆ ಎಳೆದಿರಲಿಲ್ಲ. ಆ ಸಂಜೆ ಇಬ್ಬರೂ ರಸ್ತೆಬದಿಯಲ್ಲಿ ಚಹಾ ಕುಡಿದು ನಗುತ್ತ ಬಸ್ಸು ಹತ್ತಿದೆವು.

ಕೆಲವು ತಿಂಗಳ ನಂತರ ಅಚ್ಚಾದ ಯೋಜನಾ ನಕ್ಷೆ ಬಂತು. ಅದರಲ್ಲಿ ಆ ಕಾಂಡ್ಲಾ ಸಾಲು ಇರಲಿಲ್ಲ. ಮೋಸವಾಯಿತೆಂದು ಅಧಿಕಾರಿಗೆ ಫೋನ್ ಮಾಡಿದೆ. ಅವರು ದನಿ ಏರಿಸದೆ ವಿವರಿಸಿದರು. ನಮ್ಮದು ಹತ್ತು ಸಾವಿರಕ್ಕೆ ಒಂದು ಸ್ಕೇಲು, ಯೋಜನೆಯದು ಐವತ್ತು ಸಾವಿರಕ್ಕೆ ಒಂದು. ನಮ್ಮಲ್ಲಿ ಎರಡು ಮಿಲಿಮೀಟರ್ ಇದ್ದ ಸಾಲು ಅಲ್ಲಿ ಅರ್ಧ ಮಿಲಿಮೀಟರಿಗೂ ಕಡಿಮೆ. ಅಷ್ಟು ತೆಳುವಾದದ್ದನ್ನು ಪಕ್ಕದ ವರ್ಗಕ್ಕೆ ಸೇರಿಸುವುದು ನಿಯಮ. ಪಕ್ಕದಲ್ಲಿದ್ದದ್ದು 'ಕೆರೆಗೆ ಯೋಗ್ಯ'. ಯಾರೂ ಸುಳ್ಳು ಬರೆದಿರಲಿಲ್ಲ. ಸಂಸ್ಥೆಗೆ ನಾನು ಬರೆದ ಪತ್ರಕ್ಕೆ ಉತ್ತರ ಬರಲಿಲ್ಲ.

ಮುನಿರಾಜುವಿಗೆ ತೋರಿಸಿದೆ. ನೋಡಿದ, ಮಡಚಿಟ್ಟ, ಬೇರೆ ಹಾಳೆಗೆ ಮಸಿ ಹಾಕಲು ಕೂತ.

ಅದಾಗಿ ಮೂರನೆಯ ವರ್ಷ ಅದೇ ಅಳಿವೆಯ ಹೊಸ ಚಿತ್ರಗಳು ಬೇರೊಂದು ಕೆಲಸಕ್ಕಾಗಿ ನನ್ನ ಮೇಜಿಗೆ ಬಂದವು. ಸಾಲು ಇರಲಿಲ್ಲ. ಕಟ್ಟೆ ಎರಡು ಕಡೆ ಒಡೆದಿತ್ತು. ನಾಗಿಯ ಗದ್ದೆಯಿದ್ದ ಜಾಗದಲ್ಲಿ ನೀರು ನಿಂತಿತ್ತು, ಮೈದುನ ಬಿಟ್ಟುಕೊಟ್ಟ ಗಜನಿಯಲ್ಲಿ ತೋಡಿದ್ದ ಕೆರೆಯೂ ಅದರೊಳಗೇ ಸೇರಿಹೋಗಿತ್ತು. ಅವಳು ಎಲ್ಲಿಗೆ ಹೋದಳೆಂದು ಚಿತ್ರದಲ್ಲಿ ಕಾಣುವುದಿಲ್ಲ. ವಿಚಾರಿಸಿದೆ, ತಿಳಿಯಲಿಲ್ಲ.

ಆಮೇಲೆ ಬಹಳ ವರ್ಷ ಅದೇ ಕೆಲಸ ಮಾಡಿ ನಿವೃತ್ತಳಾದೆ. ನಕ್ಷೆಯಲ್ಲಿ ಮುಖ್ಯ ರಸ್ತೆಯನ್ನು ಮಾತ್ರ ಯಾವ ಸ್ಕೇಲಿನಲ್ಲೂ ಬಿಡುವುದಿಲ್ಲ. ಅದು ಎಷ್ಟೇ ತೆಳುವಾಗಿದ್ದರೂ ನಿಜಕ್ಕಿಂತ ದಪ್ಪಗೆ ಬರೆಯುತ್ತೇವೆ. ಬೇಕಾದದ್ದನ್ನು ಉಳಿಸಿಕೊಳ್ಳುವ ದಾರಿ ನಮ್ಮ ವೃತ್ತಿಗೆ ಮೊದಲಿನಿಂದಲೂ ಗೊತ್ತಿತ್ತು. ಇದು ಅರ್ಥವಾದ ಮೇಲೆ, ಕೆಲಸ ತಂದವರನ್ನು ನಾನು ಮೊಟ್ಟಮೊದಲು ಕೇಳುತ್ತಿದ್ದದ್ದು ಏನೇನು ಗುರುತಿಸಬೇಕು ಎಂದಲ್ಲ. ನಕ್ಷೆ ಚಿಕ್ಕದಾದಾಗ ಏನನ್ನು ಬಿಡುತ್ತೀರಿ ಎಂದು ಕೇಳುತ್ತಿದ್ದೆ. ಹೆಚ್ಚಿನವರು ಅದನ್ನು ಯೋಚಿಸಿಯೇ ಇರುತ್ತಿರಲಿಲ್ಲ.