ಗಾಯಕ್ಕೆ ಅಂಟದ ಪ್ಯಾಡ್ ಬಂದ ಕಾಲ

ಆಸ್ಪತ್ರೆಯಲ್ಲಿ ಗಾಯಗಳಿಗೆ ಪಟ್ಟಿ ಕಟ್ಟುತ್ತಿದ್ದ ನಮ್ಮ ಚಿಕ್ಕಪ್ಪನನ್ನು ಎಲ್ಲರೂ ‘ಮೆಲ್ಲಗಪ್ಪ’ ಎನ್ನುತ್ತಿದ್ದರು. ಯಾರ ಕೈಕಾಲು ಮುಟ್ಟಿದರೂ ಅವನ ಬಾಯಿಗೆ ಮೊದಲು ಬರುತ್ತಿದ್ದ ಮಾತು, “ಮೆಲ್ಲಗೆ, ಮೆಲ್ಲಗೆ.” ರೋಗಿಗೆ ಹೇಳುತ್ತಿದ್ದನೋ ತನ್ನ ಕೈಗೇ ಹೇಳಿಕೊಳ್ಳುತ್ತಿದ್ದನೋ, ಗೊತ್ತಿಲ್ಲ.

ಆಗ ಅವನಿನ್ನೂ ನಮ್ಮ ಚಿಕ್ಕಪ್ಪ ಆಗಿರಲಿಲ್ಲ. ಅಮ್ಮನ ತಂಗಿ, ಅಂದರೆ ನನ್ನ ಚಿಕ್ಕಮ್ಮ, ಲಾಂಡ್ರಿಯಲ್ಲಿ ಕೆಲಸಕ್ಕಿದ್ದಳು. ಒಂದು ದಿನ ಕುದಿನೀರಿನ ಹಂಡೆ ವಾಲಿ ಪಾದ ಬೆಂದುಹೋಯಿತು. ದಿನ ಬಿಟ್ಟು ದಿನ ಪಟ್ಟಿ ಬದಲಿಸಲು ಅವನ ಹತ್ತಿರ ಹೋಗಬೇಕಾಯಿತು.

ಪಟ್ಟಿಯ ಬಟ್ಟೆಯನ್ನು ಆಗೆಲ್ಲ ಆಸ್ಪತ್ರೆಯಲ್ಲೇ ಕತ್ತರಿಸಿ, ಮಡಿಸಿ, ಡಬ್ಬಿಗೆ ತುಂಬಿ ಹಬೆಯಲ್ಲಿ ಬೇಯಿಸುತ್ತಿದ್ದರು. ಅದು ಗಾಯಕ್ಕೆ ಕಚ್ಚಿಕೊಂಡುಬಿಡುತ್ತಿತ್ತು. ಉಳಿದವರು ಕಣ್ಣುಮುಚ್ಚಿ ಎಳೆದರೆ, ಇವನು ಸಲೈನ್ ಹನಿಸಿ, ಅದು ತಾನಾಗಿ ಬಿಡುವವರೆಗೆ ಕಾಯುತ್ತಿದ್ದ. ಕಾಯುವಾಗ ಸುಮ್ಮನೆ ಕೂರಲಾಗುತ್ತದೆಯೇ? ಒಗೆಯಲು ಬಂದ ಕೋಟಿನ ಜೇಬಿನಲ್ಲಿ ಯಾರದೋ ಹಲ್ಲುಸೆಟ್ಟು ಸಿಕ್ಕಿದ್ದನ್ನು ಚಿಕ್ಕಮ್ಮ ಹೇಳಿದಾಗ ಅವನು ನಕ್ಕು ನಕ್ಕು ಸಲೈನನ್ನೆಲ್ಲ ಚೆಲ್ಲಿಕೊಂಡನಂತೆ.

ಅಷ್ಟರಲ್ಲಿ ಹೊಸ ಪ್ಯಾಡುಗಳು ಬಂದವು. ಒಂದೊಂದೂ ಕಾಗದದ ಪೊಟ್ಟಣದೊಳಗೆ. ಒಮ್ಮೆ ಬಳಸಿ ಎಸೆಯುವಂಥವು. ಗಾಯಕ್ಕೆ ಅಂಟುತ್ತಲೇ ಇರಲಿಲ್ಲ. ಚಿಕ್ಕಮ್ಮ ಮಾತು ಶುರುಮಾಡುವ ಮೊದಲೇ ಕೆಲಸ ಮುಗಿದಿರುತ್ತಿತ್ತು.

“ನಂಗೆ ಹಳೇದೇ ಹಾಕಿ. ಇದು ಒಗ್ಗಲ್ಲ.”

“ಇದ್ರಲ್ಲಿ ಬೇಗ ವಾಸಿಯಾಗುತ್ತೆ.”

“ನಂಗೇನೂ ಅವಸರ ಇಲ್ಲ.”

ಅವನ ಕಿವಿ ಕೆಂಪಾಯಿತಂತೆ. ಆದರೂ ಹೊಸದನ್ನೇ ಹಾಕಿದ. ಚಿಕ್ಕಮ್ಮ ಮನೆಗೆ ಬಂದು, “ಮರದ ಕೊರಡಿಗಾದ್ರೂ ಅರ್ಥ ಆಗುತ್ತೆ ಕಣೇ ಅಕ್ಕಾ,” ಎಂದು ಅಮ್ಮನ ಮುಂದೆ ಉರಿದುಬಿದ್ದಳು.

ಗಾಯ ಮಾಯಿತು. ಕೊನೆಯ ದಿನ ಅವನು ಪಾದವನ್ನು ತಿರುಗಿಸಿ ತಿರುಗಿಸಿ ನೋಡಿ, “ಇನ್ನು ಬರೋದು ಬೇಡ,” ಎಂದ, ಕೆಟ್ಟ ಸುದ್ದಿ ಹೇಳುವವನ ಹಾಗೆ. ಚಿಕ್ಕಮ್ಮ ಚಪ್ಪಲಿ ಮೆಟ್ಟಿ ಬಾಗಿಲವರೆಗೆ ಹೋದಳು.

“ಲಾಂಡ್ರಿ ಎಷ್ಟು ಹೊತ್ತಿಗೆ ಮುಚ್ತಾರೆ?” ಹಿಂದಿನಿಂದ ಕೇಳಿದ.

“ಯಾಕೆ?”

“ಎರಡು ಶರ್ಟಿತ್ತು.”

“ಎರಡೇ ಆದ್ರೆ ಮನೇಲೇ ಒಗ್ಕೊಳ್ಳಿ.”

ಅವನು ತಲೆ ತಗ್ಗಿಸಿದ. ಚಿಕ್ಕಮ್ಮನಿಗೆ ಅಯ್ಯೋ ಅನ್ನಿಸಿತು. “ಆರು ಗಂಟೆಗೆ,” ಎಂದಳು. “ತಡ ಮಾಡ್ಬೇಡಿ.”

ಅಂದೇ ಸಂಜೆ ಬಂದ. ಲಾಂಡ್ರಿಯ ಯಜಮಾನ ಶರ್ಟು ಬಿಡಿಸಿ ನೋಡಿ, “ಒಗೆದು ಇಸ್ತ್ರಿನೂ ಆಗಿದೆಯಲ್ಲಪ್ಪ, ನಾವಿನ್ನೇನು ಮಾಡೋದು?” ಎಂದ. ಒಳಗಿನಿಂದ ಚಿಕ್ಕಮ್ಮ ಬಂದು ಎರಡನ್ನೂ ಎತ್ತಿಕೊಂಡು ಹೋದಳು. ಮುಂದಿನ ಮಾತನ್ನು ಅಮ್ಮ ಹೋಗಿ ಆಡಿ ಬಂದಳು, ಮದುವೆಯಾಯಿತು.

ಆಸ್ಪತ್ರೆಯ ಹಿಂದಿನ ಅವರ ಎರಡು ಕೋಣೆಯ ಮನೆ ಈಗಿಲ್ಲ. ಅಲ್ಲಿ ವಾಹನ ನಿಲ್ಲಿಸುತ್ತಾರೆ. ಆಗ ರಜೆಗೆ ನಾವು ಮಕ್ಕಳು ಆ ಮನೆಗೇ ಓಡುತ್ತಿದ್ದೆವು. ಸಂಜೆ ಚಿಕ್ಕಪ್ಪ ಚಿಕ್ಕಮ್ಮ ಇಬ್ಬರೂ ಮೆಟ್ಟಿಲ ಮೇಲೆ ಟೀ ಲೋಟ ಹಿಡಿದು ಕೂತರೆ ಮಾತು ಮುಗಿಯುತ್ತಿರಲಿಲ್ಲ. ಟೀ ಆರಿ ಕೆನೆಗಟ್ಟುತ್ತಿತ್ತು. ಹಸಿವಾದ ನಾವು ಒಳಗೆ ಹೋಗಿ ಡಬ್ಬಿಗಳನ್ನು ತಡಕಾಡುತ್ತಿದ್ದೆವು, ಯಾರೂ ಗದರುತ್ತಿರಲಿಲ್ಲ.